ಫೋಟೋಗೆ ನಿಂತವಳು

ನನ್ನ ಓರಗಿತ್ತಿಯ ಮುಖ ಬಸ್ಸಿನ ಹಿಂಭಾಗಕ್ಕೆ ಏರಿದ ದಿನ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಗಂಡನ ಅಣ್ಣನ ಹೆಂಡತಿ ಅವಳು, ನನ್ನ ಬಾಯಲ್ಲಿ ಅಕ್ಕ. ಒಂದೇ ಮನೆ, ಒಂದೇ ಒಲೆ, ಸಾಲದ್ದಕ್ಕೆ ಇಬ್ಬರ ಕೆಲಸವೂ ಒಂದೇ ಬಸ್ ಡಿಪೋದಲ್ಲಿ. ಅವಳು ಕಂಡಕ್ಟರ್. ನಾನು ಪಾಸ್ ಕೌಂಟರಿನಲ್ಲಿ ಜಾಲರಿಯ ಹಿಂದೆ ಕೂತು ಮುದ್ರೆ ಒತ್ತುವವಳು. ಊರು ಸುತ್ತುವುದು ಅವಳ ಪಾಲಿಗೆ, ಕೂತಲ್ಲೇ ಜನರಿಂದ ಬೈಸಿಕೊಳ್ಳುವುದು ನನ್ನ ಪಾಲಿಗೆ. ಈಗ ಅವಳ ಜೊತೆ ಅವಳ ಚಿತ್ರವೂ ಊರು ಸುತ್ತಲು ಹೊರಟಿತ್ತು.

ಚಿತ್ರ ಚೆನ್ನಾಗಿತ್ತು, ಅದೇ ಸಂಕಟ. ಯೂನಿಫಾರ್ಮ್ ಶರ್ಟು, ಜೇಬಿನ ಮೇಲೆ ಗುಲಾಬಿ ಬಣ್ಣದ ರಿಬ್ಬನ್, ಹಲ್ಲೆಲ್ಲ ಕಾಣುವ ಆ ನಗು, ಬೆನ್ನ ಹಿಂದೆ ಬೆಳ್ಳಗೆ ಹೊಳೆಯುವ ಯಂತ್ರ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, "ನಾನು ಪರೀಕ್ಷೆ ಮಾಡಿಸಿಕೊಂಡೆ. ನೀವು?" ಕೆಳಗೆ ಸಂಘದ ಹೆಸರು, ಅದಕ್ಕಿಂತ ದೊಡ್ಡದಾಗಿ ಒಳಉಡುಪಿನ ಕಂಪನಿಯ ಹೆಸರು.

"ಹೆಂಗಸರ ಎದೆ ವಿಷಯಾನ ಬಸ್ಸಿನ ಹಿಂದೆ ಬರೆಸ್ಕೊಂಡು ತಿರುಗ್ತಾರಲ್ಲ, ಮಾನ ಮರ್ಯಾದೆ ಬೇಡ್ವಾ," ಎಂದು ಅತ್ತೆ ಮೂಗು ಮುರಿದರು. ಸಂಜೆ ನೋಡಿದರೆ ಅವರೇ ಸ್ಟಾಪಿನಲ್ಲಿ ನಿಂತು ಪಕ್ಕದ ಮನೆಯವರಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಭಾವ ಲಾರಿ ಓಡಿಸುವವರು, ಮನೆಯಲ್ಲಿ ಇರುವುದೇ ಅಪರೂಪ. "ಮನೇಲೂ ಇವಳೇ, ರಸ್ತೇಲೂ ಇವಳೇ, ನಾನು ತಪ್ಪಿಸ್ಕೊಂಡು ಹೋಗೋದೆಲ್ಲಿಗೆ?" ಎಂದು ನಕ್ಕರು. ಅಕ್ಕನಿಗೆ ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿದ್ದಳು. ಅವಳಂತೂ ಗೆಳತಿಯರನ್ನೆಲ್ಲ ಆ ಬಸ್ಸಿಗೇ ಹತ್ತಿಸುತ್ತಿದ್ದಳು. ಅಕ್ಕನಿಗೆ ಊರಿನವರ ಹೊಗಳಿಕೆ ಅಷ್ಟಕ್ಕಷ್ಟೇ. ಮಗಳು "ನಮ್ಮಮ್ಮ" ಅಂದಾಗ ಮಾತ್ರ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಆ ಫೋಟೋ ತೆಗೆದ ದಿನ ನಾನೂ ಅಲ್ಲೇ ಇದ್ದೆ, ಬಿಸಿಲಲ್ಲಿ, ಸಾಲಿನಲ್ಲಿ.

ಸಂಘದ ನಿಜವಾದ ಹೆಸರು ಉದ್ದ. ಒಂದೇ ಉಸಿರಿಗೆ ಹೇಳಲು ಆಗುವುದಿಲ್ಲ. ಡಿಪೋದಲ್ಲಿ ನಾವು ಗುಲಾಬಿ ಸಂಘ ಅಂತಲೇ ಕರೆಯುತ್ತಿದ್ದೆವು. ಅಧ್ಯಕ್ಷೆ ಶಾಸಕರ ಹೆಂಡತಿ. ಕಾರ್ಯದರ್ಶಿಗೆ ಸ್ವಂತ ನರ್ಸಿಂಗ್ ಹೋಂ ಇದೆ, ಕಣ್ಣು ಅಧ್ಯಕ್ಷೆಯ ಕುರ್ಚಿಯ ಮೇಲಿದೆ. ಇಬ್ಬರೂ ವೇದಿಕೆಯಲ್ಲಿ ಅಪ್ಪಿಕೊಳ್ಳುವುದನ್ನು ನೋಡಿದರೆ ಒಬ್ಬರ ಕತ್ತಿನ ಅಳತೆ ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಚುನಾವಣೆ ಹತ್ತಿರ ಬಂದಿತ್ತು. ಹೆಂಗಸರ ಎದೆಯಲ್ಲಿ ಗಂಟು ಇದೆಯೇ ಎಂದು ನೋಡುವ ಯಂತ್ರವನ್ನು ದೊಡ್ಡ ಗಾಡಿಯೊಳಗೆ ಕೂರಿಸಿ, ಗಾಡಿಗೆ ರಿಬ್ಬನ್ ಸುತ್ತಿ, ನಮ್ಮ ಡಿಪೋಗೆ ತಂದು ನಿಲ್ಲಿಸಿದ್ದರು.

ಶಾಸಕರು ಮಾತಾಡಿದರು, ಅಧ್ಯಕ್ಷೆ ಮಾತಾಡಿದರು, ಒಳಉಡುಪಿನ ಕಂಪನಿಯ ಕೋಟುಧಾರಿಯೊಬ್ಬ ಹೆಂಗಸರ ನೋವಿನ ಬಗ್ಗೆ ಎಲ್ಲರಿಗಿಂತ ಜಾಸ್ತಿ ಮಾತಾಡಿದ. ನಾವು ಡಿಪೋದ ಹೆಂಗಸರೆಲ್ಲ ಗಾಡಿಯ ಬಾಗಿಲಿನಿಂದ ಕಕ್ಕಸಿನ ಗೋಡೆಯವರೆಗೂ ಸಾಲು ನಿಂತಿದ್ದೆವು. ಫೋಟೋಗ್ರಾಫರ್ ಒಬ್ಬ ತರಕಾರಿ ಆರಿಸುವವನ ಹಾಗೆ ನಮ್ಮ ಮುಖಗಳನ್ನು ನೋಡುತ್ತ ಬಂದ. ನನ್ನ ಮುಂದೆ ನಿಂತ, ನೋಡಿದ, ಮುಂದೆ ಹೋದ. ಅಕ್ಕನ ಹತ್ತಿರ ಬಂದವನು, "ಮೇಡಂ, ಇವರ ನಗು ನೋಡಿ, ಯೂನಿಫಾರ್ಮ್ ಬೇರೆ ಇದೆ," ಎಂದು ಕೂಗಿದ. ಅವಳನ್ನು ಕೈಹಿಡಿದು ಗಾಡಿಯೊಳಗೆ ಹತ್ತಿಸಿಕೊಂಡರು.

ಬಾಗಿಲು ಅರ್ಧ ತೆರೆದೇ ಇತ್ತು. ಒಳಗಿನ ಮಾತು ನಮಗೆಲ್ಲ ಕೇಳಿಸುತ್ತಿತ್ತು. "ಗೌನ್ ಹಾಕ್ಕೊಳ್ಳಿ. ಹತ್ತಿರ ಬನ್ನಿ. ಇನ್ನೂ ಹತ್ತಿರ. ಗಲ್ಲ ಎತ್ತಿ. ಉಸಿರು ಹಿಡ್ಕೊಳ್ಳಿ." ಬಿಳಿ ಕೋಟಿನ ಹೆಂಗಸೊಬ್ಬಳ ದನಿ. "ಈಗ ಶರ್ಟ್ ಹಾಕ್ಕೊಂಡು ಮಿಷನ್ ಮುಂದೆ ಒಂದು," ಎಂದು ಫೋಟೋಗ್ರಾಫರ್. ಆಮೇಲೆ ಅಕ್ಕ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಕೆಂಪಗೆ ಮುಖ ಮಾಡಿಕೊಂಡು ಇಳಿದಳು. "ಆಯ್ತು ಕಣ್ರೇ. ಪ್ಲೇಟು ತಣ್ಣಗಿರುತ್ತೆ, ಅಷ್ಟೆ. ಏನೂ ಹೆದರ್ಕೋಬೇಡಿ," ಎಂದು ಸಾಲಿಗೆಲ್ಲ ಧೈರ್ಯ ಹೇಳಿದಳು.

ಸಾಲು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಶಾಸಕರ ಕಾರು ಹೊರಟಿತು, ಅದರ ಹಿಂದೆ ಕಂಪನಿಯವನ ಕಾರು, ಅದರ ಹಿಂದೆ ಗಾಡಿ. "ಇವತ್ತು ಟೈಮ್ ಆಗಿಹೋಯ್ತು, ಇನ್ನೊಂದು ದಿನ ಬರ್ತೀವಿ," ಎಂದು ನಮ್ಮ ಕೈಗೆ ಒಂದೊಂದು ಚೀಲ ತುರುಕಿದರು. ಚೀಲದಲ್ಲಿ ಕಂಪನಿಯ ಬ್ರಾ. ಆನೆಯಂಥ ಗೇಟಿನ ಅಮ್ಮನಿಗೂ ಕಡ್ಡಿಯಂಥ ಟೈಪಿಸ್ಟಿಗೂ ಒಂದೇ ಅಳತೆ. ಗೇಟಿನ ಅಮ್ಮ ಅದನ್ನು ತಲೆಗೆ ಕಟ್ಟಿಕೊಂಡು, "ಬಿಸಿಲಿಗಾದ್ರೂ ಆಗುತ್ತೆ," ಅಂದಳು. ನಕ್ಕೆವು. ಆದರೂ ಇಷ್ಟು ಹೊತ್ತು ನಿಂತಿದ್ದು ನಾವು, ಪರೀಕ್ಷೆ ಆಗಿದ್ದು ಅವಳೊಬ್ಬಳಿಗೆ.

ಆ ಹಠಕ್ಕೇ ನಾನು ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ಯಂತ್ರದ ಪ್ಲೇಟು ಒತ್ತಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು. "ಏನೂ ಇಲ್ಲ, ಹೋಗಿ," ಎಂದರು. ಮನೆಗೆ ಬಂದು, "ಅಕ್ಕಾ, ಎಷ್ಟು ನೋವಾಗುತ್ತಲ್ಲ ಅದು," ಅಂದೆ. ಅಕ್ಕ ಬಿದ್ದು ಬಿದ್ದು ನಕ್ಕಳು. "ನಂಗೇನೂ ನೋವಾಗ್ಲಿಲ್ಲಪ್ಪ. ಸಂಘದೋರದ್ದು ಹೊಸ ಮಿಷನ್ನು. ನಿಂದು ಬರೀ ಹೊಟ್ಟೆಕಿಚ್ಚಿನ ನೋವು."

ಕೆಲವು ತಿಂಗಳಾದ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅವಳು ನನ್ನನ್ನು ಹತ್ತಿರ ಕರೆದು, "ಇಲ್ಲಿ ಮುಟ್ಟಿ ನೋಡೇ, ಬಟಾಣಿ ಕಾಳಿನ ಹಾಗೆ ಏನೋ ಸಿಗುತ್ತೆ," ಅಂದಳು. ಮುಟ್ಟಿದೆ. ಬಟಾಣಿಗಿಂತ ದೊಡ್ಡದೇ ಇತ್ತು.

"ಇವತ್ತೇ ತೋರ್ಸು ಅಕ್ಕಾ."

"ಮಿಷನ್ನೇ ನೋಡಿದೆ ಏನೂ ಇಲ್ಲ ಅಂತ. ಇದು ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ ಆಗಿರೋದು."

"ಏನೂ ಇಲ್ಲ ಅಂತ ಯಾರು ಹೇಳಿದ್ರು ನಿಂಗೆ?"

"ಇದ್ದಿದ್ರೆ ಹೇಳ್ತಿರ್ಲಿಲ್ವಾ? ಪೋಸ್ಟರಿಗೆ ಹಾಕ್ಕೊಳ್ತಿದ್ರಾ?"

ಈ ಮಾತಿಗೆ ಯಾರು ಎದುರಾಡುತ್ತಾರೆ? ನಮ್ಮ ಮನೆಯವರನ್ನು ಕೇಳಿದರೆ, "ಪರೀಕ್ಷೆ ಆದೋಳಿಗೆ ಮತ್ತೆ ಪರೀಕ್ಷೆ ಯಾಕೆ, ನೀನು ಸುಮ್ನೆ ಹೆದರಿಸ್ಬೇಡ," ಎಂದರು. ಅತ್ತೆ ಬಿಸಿ ಶಾಖ ಕೊಡಲು ಹೇಳಿದರು. ಅಕ್ಕ ಮಾತ್ರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಹೆಂಗಸರಿಗೆಲ್ಲ, "ಹೋಗಿ ಮಾಡಿಸ್ಕೊಳ್ರಮ್ಮ, ನಾನು ಮಾಡಿಸ್ಕೊಂಡಿಲ್ವಾ?" ಎಂದು ಉಪದೇಶ ಮಾಡುತ್ತಿದ್ದಳು. ಅವಳ ಮಾತು ಕೇಳಿ ಹೋಗಿ ಮಾಡಿಸಿಕೊಂಡವರೂ ಇದ್ದರು. ಅವರಲ್ಲೊಬ್ಬಳು ನನ್ನ ಕೌಂಟರಿಗೆ ಬಂದು, "ನಿಮ್ಮ ಅಕ್ಕ ನನ್ನ ಜೀವ ಉಳಿಸಿದ್ರು," ಎಂದು ಹೇಳಿಹೋದಳು.

ಬಲಗೈ ಎತ್ತಿ ಗಂಟೆಯ ಹಗ್ಗ ಎಳೆಯಲು ಆಗದೆ ಹೋದಾಗ ಅಕ್ಕ ಆಸ್ಪತ್ರೆಗೆ ಬಂದಳು. ಅಷ್ಟು ಹೊತ್ತಿಗೆ ಎದೆಯ ಚರ್ಮ ಸುಕ್ಕುಗಟ್ಟಿ ಒಳಗೆ ಎಳೆದುಕೊಂಡಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಆದರೆ ನಿದ್ದೆ ಇಲ್ಲದವರು. ಪರೀಕ್ಷೆಯೆಲ್ಲ ಮುಗಿಸಿ, ಕ್ಯಾನ್ಸರ್ ಕಂಕುಳಿಗೆ ಹೋಗಿದೆ ಎಂದು ಹೇಳಿ, "ಹೋದ ವರ್ಷ ಮಾಡಿಸಿದ್ದೀನಿ ಅಂತೀರಲ್ಲ, ಆ ಫಿಲ್ಮ್ ತನ್ನಿ. ಆಗ ಹೇಗಿತ್ತು ಅಂತ ನೋಡ್ಬೇಕು," ಎಂದರು.

ಫಿಲ್ಮ್ ತರಲು ನಾನು ಸಂಘದ ಆಫೀಸಿಗೆ ಹೋದೆ. ಅಲ್ಲಿ ಗೋಡೆ ಗುಲಾಬಿ, ಸೋಫಾ ಗುಲಾಬಿ, ನೀರು ಕೊಟ್ಟ ಲೋಟವೂ ಗುಲಾಬಿ. ಸಂಯೋಜಕಿ ಎಂಬ ಹುಡುಗಿ ಇದ್ದಳು. ಸಂಘದ ಕೆಲಸವೆಲ್ಲ ನಡೆಸುವವಳು ಅವಳೇ. ಬಾಯಿ ತೆರೆದರೆ ಸಕ್ಕರೆ.

"ಫಿಲ್ಮಾ? ಯಾವ ಫಿಲ್ಮ್ ಆಂಟಿ?"

"ಡಿಪೋಗೆ ಗಾಡಿ ತಂದಿದ್ರಲ್ಲಮ್ಮ. ನಮ್ಮ ಅಕ್ಕನಿಗೆ ಪರೀಕ್ಷೆ ಮಾಡಿದ್ರಲ್ಲ, ಅದು."

ಹುಡುಗಿ ನಕ್ಕಳು. "ಅಯ್ಯೋ, ಅದು ಫೋಟೋಗೆ ಆಂಟಿ! ಮಿಷನ್ನಿಗೆ ಅವತ್ತು ಕರೆಂಟೇ ಇರ್ಲಿಲ್ಲ. ಜನರೇಟರು ಸ್ಟೇಜಿಗೆ ಹಾಕಿದ್ರು, ಮೈಕು, ಫ್ಯಾನು ಅಂತ."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. "ಉಸಿರು ಹಿಡ್ಕೊಳ್ಳಿ ಅಂದ್ರಲ್ಲ?"

"ಹಾಗೆ ಮಾಡಿದ್ರೆ ಕತ್ತು ಚೆನ್ನಾಗಿ ಬರುತ್ತೆ ಅಂತ ಫೋಟೋಗ್ರಾಫರ್ ಹೇಳಿಸಿದ್ದು."

"ಇದು ಬರೀ ಫೋಟೋ ಅಂತ ಅವಳಿಗೆ ಹೇಳಿದ್ದು ಯಾರು?"

ಹುಡುಗಿ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಪಾಪ. "ಟೆಕ್ನಿಷಿಯನ್ ಹೇಳಿರ್ತಾರೆ ಅಂತ ನಾನಂದ್ಕೊಂಡೆ. ಅವರು ಫೋಟೋಗ್ರಾಫರ್ ಹೇಳಿರ್ತಾನೆ ಅಂದ್ಕೊಂಡಿರ್ತಾರೆ. ಅವನು ನಾವು ಹೇಳಿರ್ತೀವಿ ಅಂತ... ಯಾಕೆ ಆಂಟಿ, ಅವರಿಗೇನಾದ್ರೂ ಆಗಿದ್ಯಾ?"

"ಆಗಿದೆ."

ಅವಳ ಮುಖ ಬಿಳಿಚಿಕೊಂಡಿತು. ಕೈಯನ್ನು ಬಾಯಿಗೆ ಒತ್ತಿಕೊಂಡು ಅವಳು ಹೇಳಿದ ಮೊದಲ ಮಾತು ಇದು: "ಅಯ್ಯಯ್ಯೋ, ಪೋಸ್ಟರ್ ಇನ್ನೂ ಬಸ್ಸಿನ ಮೇಲಿದ್ಯಲ್ಲ!"

ಅಕ್ಕನಿಗೆ ಒಬ್ಬಳಿಗೇ ಹೇಳಿದೆ, ಅಡುಗೆಮನೆಯ ಬಾಗಿಲು ಹಾಕಿಕೊಂಡು. ಅವಳು ಅಳಲಿಲ್ಲ. ಎಷ್ಟೋ ಹೊತ್ತು ಕೈಯಲ್ಲಿದ್ದ ಪಾತ್ರೆಯನ್ನೇ ಉಜ್ಜುತ್ತಿದ್ದಳು. ಆಮೇಲೆ, "ಹಾಗಾದ್ರೆ ನಾನು ಊರಿಗೆಲ್ಲ ಸುಳ್ಳು ಹೇಳ್ಕೊಂಡು ತಿರುಗಿದ್ನೇನೇ?" ಎಂದಳು. ಅವಳಿಗೆ ಮೊದಲು ಹೊಳೆದದ್ದು ಅದು. ಭಾವನಿಗೆ ಹೇಳಿಬಿಡುತ್ತೇನೆ ಎಂದು ನಾನು ಫೋನ್ ಎತ್ತಿಕೊಂಡೆ. ಭಾವ ದೂರದ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದರು. ಗಾಡಿ ಓಡಿಸುವವರ ತಲೆ ಕೆಡಿಸಬೇಡ, ಬಂದಮೇಲೆ ನಾನೇ ಹೇಳುತ್ತೇನೆ ಅಂದಳು.

ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಇರಲಿಲ್ಲ. ಹೊರಗೆ ಕೊಂಡರೆ ಮನೆ ಮಾರಬೇಕು, ಮಾರಿದರೂ ಸಾಲದು. ಅದು ಬಿದ್ದರೆ ಬದುಕುವ ಆಸೆ ಇದೆ, ಬೀಳದಿದ್ದರೆ ಇಲ್ಲ. ಅಷ್ಟೇ ವಿಷಯ, ಮುಚ್ಚಿಡುವಂಥದ್ದೇನೂ ಇಲ್ಲ. ಅಂಥ ಹೊತ್ತಿನಲ್ಲಿ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಕಾರ್ಯದರ್ಶಿ ಮೇಡಂ ನಮ್ಮ ಮನೆಯ ಕಿರಿದಾದ ಮೆಟ್ಟಿಲು ಹತ್ತಿ ಬಂದರು.

ಅವರಿಗೆ ಎಲ್ಲ ಗೊತ್ತಾಗಿತ್ತು. ಅಕ್ಕನ ಪಕ್ಕದಲ್ಲಿ ಮಂಚದ ಮೇಲೇ ಕೂತರು. "ಎಷ್ಟು ಅನ್ಯಾಯ! ನಿಮ್ಮನ್ನ ಗೊಂಬೆ ಥರ ನಿಲ್ಲಿಸಿ ಫೋಟೋ ಹೊಡೆಸಿದ್ದಾರೆ. ಆ ಅಧ್ಯಕ್ಷೆಗೆ ಗಂಡನ ಚುನಾವಣೆ ಮುಖ್ಯ, ನಿಮ್ಮ ಜೀವ ಅಲ್ಲ," ಎಂದು ಕಣ್ಣೊರೆಸಿಕೊಂಡರು. ಇಂಜೆಕ್ಷನ್ ತಮ್ಮ ನರ್ಸಿಂಗ್ ಹೋಂನಲ್ಲಿ ಕೊಡಿಸುತ್ತೇನೆ ಎಂದರು. ಪ್ರತಿಯಾಗಿ ಏನೂ ಬೇಡ. ಸಂಘದ ವಾರ್ಷಿಕ ಸಭೆಯಲ್ಲಿ, ಹೊಸ ಅಧ್ಯಕ್ಷೆಯ ಆಯ್ಕೆಗೆ ಮೊದಲು, ಅಕ್ಕ ಎದ್ದು ನಿಂತು ನಡೆದದ್ದನ್ನು ಹೇಳಬೇಕು. "ನಿಜ ತಾನೇ ಹೇಳೋದು? ನಿಜ ಹೇಳೋಕೆ ಭಯ ಯಾಕೆ?"

ನಾನು ಅವರಿಗೆ ಸಕ್ಕರೆ ಜಾಸ್ತಿ ಹಾಕಿ ಟೀ ಮಾಡಿಕೊಟ್ಟೆ. ಅವರ ಕಣ್ಣೀರು ಮೊಸಳೆಯದೇ ಇರಲಿ, ಇಂಜೆಕ್ಷನ್ ನಿಜವಾದದ್ದಲ್ಲವೇ ಎಂದುಕೊಂಡೆ. ಮೊದಲನೆಯ ಇಂಜೆಕ್ಷನ್ ಆ ವಾರವೇ ಬಿತ್ತು. ಎರಡನೆಯದಕ್ಕೆ ಅಕ್ಕನ ಕೂದಲು ದಿಂಬಿನ ಮೇಲೆ ಉದುರಿತು. ಅಷ್ಟರಲ್ಲಿ ಬಸ್ಸುಗಳ ಹಿಂದಿನಿಂದ ಅವಳ ಚಿತ್ರಗಳೆಲ್ಲ ಮಾಯವಾದವು, ಅಲ್ಲಿ ಬಿಸ್ಕೆಟ್ ಜಾಹೀರಾತು ಬಂತು. ಸಭೆಯಲ್ಲಿ ಹೇಳಬೇಕಾದ ಮಾತನ್ನು ಅಕ್ಕ ನನ್ನ ಮುಂದೆ ನಿಂತು ಹೇಳಿ ಹೇಳಿ ಬಾಯಿಪಾಠ ಮಾಡಿದಳು. "ಮಗಳೂ ಬರ್ಲಿ ಕಣೇ. ಅವಳಮ್ಮ ಸುಳ್ಳುಗಾತಿ ಅಲ್ಲ ಅಂತ ಅವಳಿಗೂ ಗೊತ್ತಾಗ್ಲಿ," ಎಂದಳು.

ಸಭೆಗೆ ಹಿಂದಿನ ದಿನ ಮಧ್ಯಾಹ್ನ, ಆಗಲೂ ನಾವಿಬ್ಬರೇ ಇದ್ದಾಗ, ಮನೆ ಮುಂದೆ ಒಂದೇ ಕಾರು ನಿಂತಿತು. ಅದರಿಂದ ಅಧ್ಯಕ್ಷೆ ಇಳಿದರು, ಅವರ ಹಿಂದೆ ಕಾರ್ಯದರ್ಶಿ. ಹಾವು ಮುಂಗುಸಿ ಒಂದೇ ಬುಟ್ಟಿಯಲ್ಲಿ ಬಂದದ್ದು ನೋಡಿದಾಗಲೇ ನಮ್ಮ ಕಥೆ ಮುಗಿಯಿತು ಎಂದು ನನಗೆ ತಿಳಿದುಹೋಯಿತು.

ಕಂಪನಿಯವರು ಇಬ್ಬರನ್ನೂ ಕೂರಿಸಿ ಹೇಳಿದ್ದರಂತೆ: ಸಂಘದ ಹೆಸರು ಕೆಟ್ಟರೆ ಮುಂದಿನ ವರ್ಷದಿಂದ ನಮ್ಮ ಸಹಾಯ ಕಣ್ಣಿನ ಆಸ್ಪತ್ರೆಗೆ. ಅಲ್ಲಿಗೆ ಜಗಳ ಬಗೆಹರಿದಿತ್ತು. ಕಾರ್ಯದರ್ಶಿಗೆ ಅಧ್ಯಕ್ಷೆಯ ಕುರ್ಚಿ. ಅಧ್ಯಕ್ಷೆಗೆ ಗೌರವ ಅಧ್ಯಕ್ಷೆಯ ಪಟ್ಟ. ನರ್ಸಿಂಗ್ ಹೋಂನ ಹೊಸ ಕಟ್ಟಡಕ್ಕೆ ಶಾಸಕರಿಂದ ಉದ್ಘಾಟನೆ. ಎಲ್ಲರಿಗೂ ಏನೇನು ಬೇಕೋ ಸಿಕ್ಕಿತ್ತು, ಉಳಿದದ್ದು ಅಕ್ಕನ ಬಾಯಿ.

ಮಂಚದ ಎರಡು ಕಡೆ ಕೂತು ಅವಳ ಒಂದೊಂದು ಕೈಯನ್ನು ಒಬ್ಬೊಬ್ಬರು ಹಿಡಿದುಕೊಂಡರು. "ನೀನು ನನ್ನ ತಂಗಿ ಇದ್ದ ಹಾಗೆ," ಎಂದು ಅಧ್ಯಕ್ಷೆ ಶುರುಮಾಡಿದರು. "ತಪ್ಪು ಯಾರದು ಅಂತ ಹುಡುಕ್ತಾ ಕೂತ್ರೆ ಏನು ಬಂತು? ಇನ್ನೊಬ್ಬ ಹೆಣ್ಣುಮಗಳಿಗೆ ಹೀಗಾಗಬಾರದು, ಅಷ್ಟೇ ತಾನೇ ನಿನಗೂ ಬೇಕಾಗಿರೋದು?"

ಕಾರ್ಯದರ್ಶಿ ಹೊಸ ಪೋಸ್ಟರಿನ ನಮೂನೆ ಬಿಡಿಸಿ ತೋರಿಸಿದರು. ಮುಖದ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಹೀಗೆ ಬರೆದಿತ್ತು: "ಫೋಟೋಗೆ ನಿಂತೆ. ಪರೀಕ್ಷೆಗೆ ನಿಲ್ಲಲಿಲ್ಲ. ನನ್ನ ತಪ್ಪನ್ನು ನೀವು ಮಾಡಬೇಡಿ."

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದ್ದರು. ಗಾಡಿ ಬಂದದ್ದು ನಿಜ, ಫೋಟೋ ತೆಗೆದದ್ದೂ ನಿಜ, ಪರೀಕ್ಷೆ ಆಗದೆ ಇದ್ದದ್ದೂ ನಿಜ. ಯಾಕೆ ಆಗಲಿಲ್ಲ ಅನ್ನುವುದು ಮಾತ್ರ ತಿರುವುಮುರುವು. ಅಕ್ಕ ವಿಡಿಯೋದಲ್ಲಿ ಹೇಳಬೇಕಾದದ್ದನ್ನೂ ಬರೆದು ತಂದಿದ್ದರು: ನಾಚಿಕೆಪಟ್ಟು ಇವಳೇ ಒಲ್ಲೆ ಅಂದಳಂತೆ. ಆಮೇಲೆ ಮಾಡಿಸಿಕೊಂಡೆ ಎಂದು ಮನೆಯವರಿಗೆಲ್ಲ ಸುಳ್ಳು ಹೇಳಿದಳಂತೆ.

"ಥೂ ನಿಮ್ಮ!" ಎಂದೆ. "ಕರೆಂಟ್ ಕಿತ್ತು ಮೈಕಿಗೆ ಹಾಕ್ಕೊಂಡೋರು ನೀವು! ನಾನು ಪೇಪರಿನವರ ಹತ್ರ ಹೋಗ್ತೀನಿ."

ಕಾರ್ಯದರ್ಶಿ ದನಿ ಏರಿಸಲಿಲ್ಲ. "ಹೋಗಿ ಅಮ್ಮ. ಮುಂದಿನ ಇಂಜೆಕ್ಷನ್ನಿಗೂ ಪೇಪರಿನವರ ಹತ್ರಾನೇ ಹೋಗಿ."

ಅಕ್ಕ ತಲೆಗೆ ಕಟ್ಟಿದ್ದ ಟವೆಲನ್ನು ಸರಿಮಾಡಿಕೊಂಡಳು. "ನೀನು ಸುಮ್ನಿರೇ," ಎಂದಳು ನನಗೆ. ಅವರ ಕಡೆ ತಿರುಗಿ, "ಎಲ್ಲಾ ಇಂಜೆಕ್ಷನ್ನೂ ಕೊಡ್ತೀರಾ? ನಡುದಾರೀಲಿ ಇಳಿಸಲ್ಲ ತಾನೆ?" ಎಂದು ಕೇಳಿದಳು. ಟಿಕೆಟ್ಟಿನ ಜಗಳದಲ್ಲಿ ಎಷ್ಟೋ ಸಲ ಕೇಳಿದ್ದ ಅದೇ ದನಿ.

"ಕೊನೇ ಸ್ಟಾಪಿನವರೆಗೂ," ಎಂದು ನಕ್ಕರು ಅಧ್ಯಕ್ಷೆ. "ಆದ್ರೆ ಈ ಮಾತು ನಾಲ್ಕು ಗೋಡೆ ದಾಟಬಾರದು. ಮಗಳಿಗಂತೂ ಬೇಡ. ಹುಡುಗರ ಬಾಯಿ ನಿಲ್ಲಲ್ಲ."

ಅವರು ಹೋದ ಮೇಲೆ ನಾನು ಅಕ್ಕನ ಮೇಲೆ ಹಾರಿಬಿದ್ದೆ. ಜೀವ ಉಳಿಯಲಿ ಕಣೇ, ಉಳಿದರೆ ಮಗಳಿಗೆ ನಾನೇ ಒಂದಿನ ಕೂರಿಸಿಕೊಂಡು ಹೇಳ್ತೀನಿ, ಅಂದಳು. ಹೇಳೋಕೆ ನಾನಿರಬೇಕಲ್ಲ ಮೊದಲು, ಅಂದಳು. ತನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು.

ಫೋಟೋಗ್ರಾಫರ್ ಅದೇ ಮನುಷ್ಯ. ಔಷಧಿಗೆ ಅಕ್ಕನ ಕೆನ್ನೆ ಊದಿಕೊಂಡಿತ್ತು, ಆರೋಗ್ಯವಂತಳ ಹಾಗೆ ಕಾಣುತ್ತಿದ್ದಳು. ಅದು ಅವನಿಗೆ ಹಿಡಿಸಲಿಲ್ಲ. ಮೇಕಪ್ಪಿನವಳನ್ನು ಕರೆಸಿ ಕಣ್ಣಿನ ಸುತ್ತ ಕಪ್ಪು ಹಚ್ಚಿಸಿದ, ತುಟಿ ಬಿಳಿಚುವಂತೆ ಪೌಡರ್ ಹಾಕಿಸಿದ. ಬೋಳು ತಲೆಯನ್ನು ನೋಡಿ, "ಇದನ್ನ ಮುಟ್ಟಬೇಡಿ, ಇದು ಹೀಗೇ ಚೆನ್ನಾಗಿದೆ," ಎಂದ. ವಿಡಿಯೋ ತೆಗೆಯುವಾಗ ಅಕ್ಕನಿಗೆ ಅಳು ಬಂತು. ಅವನು ಕ್ಯಾಮೆರಾ ನಿಲ್ಲಿಸಿದ. "ಅಳು ಬೇಡಮ್ಮ. ಅತ್ರೆ ಜನ ನಿಮ್ಮ ಮೇಲೆ ಕನಿಕರ ಪಡ್ತಾರೆ. ನಮಗೆ ಪಶ್ಚಾತ್ತಾಪ ಬೇಕು." ಅಕ್ಕ ಕಣ್ಣೊರೆಸಿಕೊಂಡು ಪಶ್ಚಾತ್ತಾಪ ಪಟ್ಟಳು. ಸರಿಬರಲಿಲ್ಲ. ಮತ್ತೆ ಪಟ್ಟಳು. ಸಾಲಿನಲ್ಲಿ ನಿಂತಿದ್ದ ನಮ್ಮೆಲ್ಲರಿಗೂ ಧೈರ್ಯ ಹೇಳಿದ ಹೆಂಗಸು, ನಾಚಿಕೆಯಿಂದ ಓಡಿಹೋದೆ ಎಂದು ಹೇಳುವುದನ್ನು ಕಲಿಯುತ್ತಿದ್ದಳು.

ಡಿಪೋದ ಹೆಂಗಸರಿಗೆ ನಿಜ ಗೊತ್ತಿರಲಿಲ್ಲವೇ? ಅಕ್ಕ ಗಾಡಿಯೊಳಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಆದರೆ ಹೊಸ ಪೋಸ್ಟರ್ ಬಸ್ಸಿಗೆ ಏರಿದ ವಾರವೇ ಗಾಡಿ ಮತ್ತೆ ಡಿಪೋಗೆ ಬಂತು, ಈ ಸಲ ಭಾಷಣವಿಲ್ಲದೆ, ಕರೆಂಟಿನ ಜೊತೆಗೆ. ಎಲ್ಲರಿಗೂ ಪರೀಕ್ಷೆಯಾಯಿತು. ಗೇಟಿನ ಅಮ್ಮನಿಗೆ ಸಣ್ಣ ಗಂಟು ಸಿಕ್ಕಿ, ಬೇಗ ತೆಗೆದುಹಾಕಿದರು. ಅವಳು ಬದುಕಿದಳು. ಬದುಕಲಿ, ನನಗೆ ಸಂತೋಷವೇ. ಆದರೆ ಅವಳ ಬಾಯಲ್ಲೇ, "ಪಾಪ, ಕಂಡಕ್ಟರಮ್ಮ ಅವತ್ತು ಸರಿಯಾಗಿ ನಿಂತಿದ್ರೆ ಹೀಗಾಗ್ತಿತ್ತಾ," ಎಂಬ ಮಾತು ಕೇಳಿದಾಗ ನಾನು ಅವಳ ಜೊತೆ ಮಾತು ಬಿಟ್ಟೆ. ಉಳಿದವರೂ ಹೂಂಗುಟ್ಟಿದರು. ನಮ್ಮ ಕಣ್ಣಿಗಿಂತ ಬಸ್ಸಿನ ಮೇಲಿನ ಅಕ್ಷರ ದೊಡ್ಡದಾಗಿತ್ತು.

ಭಾವನಿಗೂ ಅಕ್ಕ ಕೊನೆಗೆ ನಿಜ ಹೇಳಿರಲಿಲ್ಲ. ಅವರು ಯಾವುದೋ ಊರಿನಲ್ಲಿ ವಿಡಿಯೋ ನೋಡಿ ಫೋನ್ ಮಾಡಿದರು. "ಥೂ, ನಿನ್ನ ನಾಚಿಕೆಗಿಷ್ಟು," ಎಂದು ಇಟ್ಟುಬಿಟ್ಟರು. ಅತ್ತೆ ಒಂದು ದಿನವೆಲ್ಲ, "ಮನೆಯೋರಿಗೇ ಸುಳ್ಳು ಹೇಳಿದ್ಲಲ್ಲ," ಎಂದು ಗೊಣಗಿದರು. ಮಗಳು ಶಾಲೆಯಿಂದ ಬಂದವಳು ಚೀಲ ಬಿಸಾಕಿ, ಅಮ್ಮನ ಮಂಚದ ಮುಂದೆಯೇ ಹಾದು ಒಳಗೆ ಹೋದಳು. ಅವತ್ತಿನಿಂದ ಅಮ್ಮನಿಗೆ ಅವಳು ಏನು ಹೇಳಬೇಕಾದರೂ ನನ್ನ ಮೂಲಕ. "ಚಿಕ್ಕಮ್ಮ, ಅವರಿಗೆ ಮಾತ್ರೆ ಆಯ್ತಾ ಕೇಳು." ಅಮ್ಮ ಹೋಗಿ ಅವರು ಆಗಿತ್ತು. ಅಕ್ಕ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ಎಷ್ಟು ಸಲ ನುಂಗಿದೆನೋ.

ಇಂಜೆಕ್ಷನ್ನುಗಳನ್ನು ಅವರು ಮಾತಿಗೆ ತಪ್ಪದೆ ಕೊಟ್ಟರು. ಅವು ಕೆಲಸ ಮಾಡಲಿಲ್ಲ, ಅಷ್ಟೆ. ತಡವಾಗಿತ್ತು. ನರ್ಸಿಂಗ್ ಹೋಂನ ಹೊಸ ಕಟ್ಟಡದಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಅವಳಿಗೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಸಂಯೋಜಕಿ ರಿಬ್ಬನ್ ಕಟ್ಟಿದ ಬುಟ್ಟಿಯಲ್ಲಿ ಸೇಬು ತಂದು ಕೂತಿದ್ದಳು. ನಾನು ಅಕ್ಕನ ಕಾಲು ಒತ್ತುತ್ತಿದ್ದೆ. ಬಾಗಿಲು ತೆರೆಯಿತು, ಮಗಳು ಬಂದಳು. ಶಾಲೆಯ ಬಟ್ಟೆಯಲ್ಲೇ ಇದ್ದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಬೆಳಿಗ್ಗೆ ಅವಳಿಗೆ ತಿಳಿಸಿದ್ದೆ.

ಅವಳು ಹಾಸಿಗೆಯ ಕಾಲ್ಗಡೆ ನಿಂತಳು. "ಗಾಡಿ ಬಾಗಿಲಿಗೇ ಬಂದಿತ್ತು. ನೀನು ಒಳಗೂ ಹೋಗಿದ್ದೆ. ಯಾಕೆ ಮಾಡಿಸ್ಕೊಳ್ಳಲಿಲ್ಲಮ್ಮ?"

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸಂಯೋಜಕಿಯನ್ನು ನೋಡಿದಳು. ಅವಳು ಸೇಬಿನ ಬುಟ್ಟಿಯ ರಿಬ್ಬನ್ ಸರಿಮಾಡುತ್ತಿದ್ದಳು.

"ನಾಚಿಕೆ ಆಯ್ತು ಕಣೇ," ಎಂದಳು ಅಕ್ಕ.

"ನಾಚಿಕೆ!" ಹುಡುಗಿಯ ದನಿ ಒಡೆಯಿತು. "ನಿನ್ನ ನಾಚಿಕೆ ದೊಡ್ಡದಾಯ್ತು, ನಾನು ಸಣ್ಣವಳಾದೆ. ವರ್ಷವೆಲ್ಲ ನನ್ನ ಹತ್ರ ಸುಳ್ಳು ಹೇಳಿದೆ. ನಾನು ಎಲ್ಲರಿಗೂ ನಮ್ಮಮ್ಮ ನಮ್ಮಮ್ಮ ಅಂತ ಹೇಳ್ಕೊಂಡು ತಿರುಗಿದೆ. ನನ್ನಮ್ಮನ್ನ ಕೊಂದಿದ್ದು ನೀನೇ."

ಹೇಳಿದವಳೇ ಬಾಗಿಲು ದಬ್ಬಿಕೊಂಡು ಹೊರಟುಹೋದಳು. ನಾನು ಎದ್ದೆ. ಆಣೆ ಗೀಣೆ ಎಲ್ಲ ಹಾಳಾಗಿಹೋಗಲಿ, ಈಗಲೇ ಹೇಳಿಬಿಡುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ಮೂಗು ಸೇದುವ ಸದ್ದು ಕೇಳಿಸಿತು. ಸಂಯೋಜಕಿ ಅಳುತ್ತಿದ್ದಳು, ನಿಜವಾದ ಕಣ್ಣೀರು.

"ಆಂಟಿ," ಎಂದಳು ಅಕ್ಕನಿಗೆ, ಕರವಸ್ತ್ರ ಹುಡುಕುತ್ತ. "ಎಷ್ಟು ಸಹಜವಾಗಿ ಬಂತು ನೋಡಿ ಅವಳ ಬಾಯಲ್ಲಿ. ತಪ್ಪು ತಿಳ್ಕೋಬೇಡಿ. ಇದೇ ಮಾತನ್ನ ಅವಳು ಕ್ಯಾಮೆರಾ ಮುಂದೆ ಹೇಳಿದ್ರೆ, ಒಬ್ಬ ಮಗಳು ಹೇಳಿದ್ರೆ, ಎಷ್ಟು ಜನ ತಾಯಂದಿರು ಎದ್ದು ಹೋಗಿ ಪರೀಕ್ಷೆ ಮಾಡಿಸ್ಕೋತಾರೆ ಅಲ್ವಾ?"

ನಾನು ಅವಳ ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಅಕ್ಕ ನನ್ನ ಬಟ್ಟೆಯ ತುದಿ ಹಿಡಿದೆಳೆದಳು. ಅವಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಹೇಳಿಸಿ," ಎಂದಳು. "ಆದ್ರೆ ಪುಕ್ಕಟೆ ಅಲ್ಲ. ಅವಳ ಓದೆಲ್ಲ ಮುಗಿಯೋವರೆಗೂ ಖರ್ಚು ನಿಮ್ದು. ಬಾಯಿಮಾತಲ್ಲಿ ಬೇಡ, ಮೇಡಂ ಇಬ್ಬರೂ ಇಲ್ಲಿಗೇ ಬಂದು ಹೇಳ್ಬೇಕು."

ಸಂಯೋಜಕಿ ಫೋನ್ ಹಿಡಿದು ಹೊರಗೆ ಓಡಿದಳು.

"ಅಕ್ಕಾ, ನಿನ್ನ ತಲೆ ಕೆಟ್ಟಿದ್ಯಾ? ಅವಳು ಹಾಗೆ ಒಂದ್ಸಲ ಊರಿನ ಮುಂದೆ ಹೇಳಿದ್ರೆ, ಆಮೇಲೆ ನಾನು ನಿಜ ಹೇಳಿದ್ರೂ ನಂಬಲ್ಲ. ನಂಬಿದ್ರೆ, ಅಮ್ಮನ್ನ ಹಾಗಂದೆನಲ್ಲ ಅಂತ ಅವಳು ಬದುಕಿರಲ್ಲ. ಯಾವತ್ತೂ ಹೇಳೋ ಹಾಗಿರಲ್ಲ ಕಣೇ!"

"ಗೊತ್ತು," ಎಂದಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಅವರಪ್ಪನ ಕೈಲಿ ಓದಿಸೋಕಾಗುತ್ತಾ? ನಿನ್ನ ಕೈಲಿ ಆಗುತ್ತಾ?"

ಸಂಯೋಜಕಿ ಬಾಗಿಲಲ್ಲಿ ತಲೆಯಿಟ್ಟು, "ಮೇಡಂ ಒಪ್ಪಿದ್ರು ಆಂಟಿ. ಇಬ್ಬರೂ ಬರ್ತಾ ಇದ್ದಾರೆ, ಕ್ಯಾಮೆರಾದವನೂ ಬರ್ತಾನೆ," ಎಂದಳು.

"ಹೋಗಿ ಅವಳನ್ನ ಕರ್ಕೊಂಡು ಬಾ," ಎಂದಳು ಅಕ್ಕ ನನಗೆ. "ಬೇಗ ಹೋಗು. ಅವಳ ಕೋಪ ಇಳಿಯೋಕೆ ಮುಂಚೆ."

ಹೋದೆ. ಹುಡುಗಿ ಗೇಟಿನ ಹೊರಗೆ ಸ್ಟಾಪಿನಲ್ಲಿ ನಿಂತಿದ್ದಳು. ಬಸ್ಸು ಬಂದರೂ ಹತ್ತದೆ ಬಿಟ್ಟಳು. ನನ್ನನ್ನು ನೋಡಿದ್ದೇ ಓಡಿಬಂದು ನನ್ನ ತೋಳು ಹಿಡಿದುಕೊಂಡಳು. ಅತ್ತು ಅತ್ತು ಮುಖ ಊದಿತ್ತು. ಕೋಪ ಆಗಲೇ ಇಳಿದುಹೋಗಿತ್ತು.

"ಚಿಕ್ಕಮ್ಮ, ನಾನು ಹಾಗನ್ನಬಾರದಿತ್ತು. ಅಮ್ಮ ಅಳ್ತಿದಾಳಾ? ನಾನು ಹೋಗಿ ತಪ್ಪಾಯ್ತು ಅಂತೀನಿ. ಅವಳನ್ನ ಅಪ್ಕೊಂಡು ತಪ್ಪಾಯ್ತು ಅಂತೀನಿ."

ಅವಳ ಕೂದಲನ್ನು ಹಿಂದಕ್ಕೆ ಸರಿಸಿ, ಕೆನ್ನೆ ಒರೆಸಿದೆ.

"ಆಮೇಲೆ ಹೇಳುವೆಯಂತೆ ಬಾ," ಎಂದೆ. "ಅಲ್ಲಿ ಆ ಸಂಘದ ಅಕ್ಕ ನಿನ್ನ ಹತ್ರ ಏನೋ ಕೇಳ್ಬೇಕಂತೆ. ಆಗ ಒಳಗೆ ಅಂದ್ಯಲ್ಲ, ಮೊದಲು ಅದನ್ನ ಅವರಿಗೆ ಇನ್ನೊಂದ್ಸಲ ಹಾಗೇ ಹೇಳು."